ಡಿಸೆಂಬರ್‌ನಲ್ಲಿ ಹಾಡಲು ಹೊರಟ ತುಮಕೂರಿನವರಿಗೆ

ಪ್ರತಿ ಜುಲೈನಲ್ಲಿ ನಾನು ತುಮಕೂರಿಗೆ ಬಂದಾಗ ನಮ್ಮ ಮನೆ ಟೆರೇಸ್ ಮೇಲೆ ಸಣ್ಣದೊಂದು ಸಭೆ ಸೇರುತ್ತದೆ. ಸೆಪ್ಟೆಂಬರ್‌ಗೆ ಇಂಗ್ಲೆಂಡಿಗೆ ಓದಲು ಹೊರಟ ಹುಡುಗ ಹುಡುಗಿಯರು, ಜೊತೆಗೆ ಅವರಿಗಿಂತ ಜಾಸ್ತಿ ಗಾಬರಿಯಾದ ಅಪ್ಪ ಅಮ್ಮಂದಿರು. ಕುಕ್ಕರ್ ಒಯ್ಯಬೇಕಾ, ರಾಗಿ ಹಿಟ್ಟು ಸಿಗುತ್ತಾ, ಚಳಿ ಹೇಗಿರುತ್ತೆ? ಇವಕ್ಕೆಲ್ಲ ಉತ್ತರ ನನಗೆ ಬಾಯಿಪಾಠ. ಈ ಸಲ ಅಕ್ಕನ ಮಗಳು ಬೇರೆಯದೇ ಕೇಳಿದಳು. "ಮಾಮ, ಡಿಸೆಂಬರ್‌ನಲ್ಲಿ ಎಲ್ಲರೂ ಅವರವರ ಊರಿಗೆ ಹೋಗಿಬಿಡ್ತಾರಂತೆ. ನಾನೇನು ಮಾಡ್ಲಿ?"

ಅವಳು ಕೇಳಿದ್ದು ಸರಿ. ಹೊಸಬರನ್ನು ಅಲ್ಲಿ ಕಂಗೆಡಿಸುವುದು ಚಳಿ ಅಲ್ಲ, ಕತ್ತಲು. ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆಗೆಲ್ಲ ಲಂಡನ್ನಿನಲ್ಲಿ ಸೂರ್ಯ ಮುಳುಗಿರುತ್ತಾನೆ. 25ನೇ ತಾರೀಕು ಕ್ರಿಸ್‌ಮಸ್, ರೈಲು ಓಡುವುದಿಲ್ಲ, ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರವೇ ಬಾಗಿಲು ಹಾಕಿರುತ್ತವೆ. ಹಾಸ್ಟೆಲ್ ಕಾರಿಡಾರ್‌ನಲ್ಲಿ ನಿಮ್ಮದೊಂದೇ ಲೈಟು. ಅದಕ್ಕೆ ಎರಡು ಮೂರು ವಾರ ಮುಂಚೆ ಅಲ್ಲಿನ ಊರಿನಲ್ಲಿ ನಾಲ್ಕು ಜನರ ಮುಖಪರಿಚಯ ಮಾಡಿಕೊಂಡಿರಬೇಕು. ನನಗೆ ಗೊತ್ತಿರುವ ಸುಲಭದ ದಾರಿ ಒಂದೇ: ಹೋಗಿ ಹಾಡಿ.

ಅಲ್ಲಿ ಡಿಸೆಂಬರ್ ಮೊದಲೆರಡು ವಾರ ಊರೂರಲ್ಲೂ ಕೂಡಿ ಹಾಡುವ ಕಛೇರಿಗಳು ನಡೆಯುತ್ತವೆ. ಹೆಚ್ಚಾಗಿ ಹಾಡುವುದು ಹದಿನೆಂಟನೇ ಶತಮಾನದ ಸಂಗೀತಗಾರ ಹ್ಯಾಂಡೆಲ್ ಬರೆದ, ಯೇಸುವಿನ ಕುರಿತ 'ಮೆಸ್ಸಾಯ' ಅನ್ನುವ ದೊಡ್ಡ ಗಾಯನ ಕೃತಿ. ಬೆಳಗ್ಗೆ ಅಥವಾ ಮಧ್ಯಾಹ್ನ ಒಂದು ರಿಹರ್ಸಲ್, ಸಂಜೆ ಕಛೇರಿ. ಕೆಲವು ಕಡೆ ರಿಹರ್ಸಲ್ ಕೂಡ ಇಲ್ಲ, ಸೀದಾ ಹಾಡುವುದೇ. ಅದಕ್ಕೆ 'ಸ್ಕ್ರ್ಯಾಚ್ ಮೆಸ್ಸಾಯ' ಅಂತಾರೆ. ವಾದ್ಯದವರು ಇರುತ್ತಾರೆ, ನಾಲ್ಕು ಜನ ನುರಿತ ಗಾಯಕರು ಇರುತ್ತಾರೆ, ಎಲ್ಲರೂ ಕೂಡಿ ಹಾಡುವ ಭಾಗ, ಅಂದರೆ ಕೋರಸ್, ಮಾತ್ರ ಟಿಕೆಟ್ ತೆಗೆದುಕೊಂಡು ಬಂದವರದ್ದು. ಅಂದರೆ ನಿಮ್ಮದು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹೀಗೆ ಸಾವಿರಾರು ಜನ ಸೇರಿ ಹಾಡುತ್ತಾರೆ. ಆದರೆ ಮೊದಲ ಸಲಕ್ಕೆ ಹತ್ತಿರದ ಯಾವುದಾದರೂ ಚರ್ಚಿನದ್ದೇ ವಾಸಿ. ನೂರು ಜನ ಇದ್ದಲ್ಲಿ ಯಾರಾದರೂ ಮಾತಾಡಿಸುತ್ತಾರೆ, ಐದು ಸಾವಿರ ಜನ ಇದ್ದಲ್ಲಿ ಯಾರೂ ಮಾತಾಡಿಸಲ್ಲ.

ಆಡಿಷನ್ ಇಲ್ಲ. "ನನಗೆ ಸಂಗೀತ ಬರಲ್ಲ" ಅನ್ನುವುದು ಅಲ್ಲಿ ಬಂದವರಲ್ಲಿ ಅರ್ಧ ಜನರ ಮಾತು.

ಇಷ್ಟು ಹೇಳುವಷ್ಟರಲ್ಲಿ ಒಬ್ಬ ತಂದೆ ಮೆಲ್ಲಗೆ ಕೇಳಿದರು, "ಚರ್ಚ್ ಒಳಗೆ ಹಾಡೋದು ಅಂದ್ರೆ... ಏನೂ ತೊಂದ್ರೆ ಇಲ್ವಾ?" ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಬೇಜಾರಿಲ್ಲ. ನಿಮ್ಮ ಧರ್ಮ ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಸಾಹಿತ್ಯ ಬೈಬಲ್‌ನಿಂದ ಆರಿಸಿದ್ದು ನಿಜ, ಅದನ್ನು ಜೋಡಿಸಿದವರು ಚಾರ್ಲ್ಸ್ ಜೆನೆನ್ಸ್. ಆದರೆ ಈ ಕೃತಿ ಮೊದಲು ಹಾಡಿದ್ದು ಚರ್ಚಿನಲ್ಲಲ್ಲ, 1742ರ ಏಪ್ರಿಲ್ 13ರಂದು ಡಬ್ಲಿನ್ನಿನ ಒಂದು ಸಂಗೀತ ಸಭಾಂಗಣದಲ್ಲಿ. ಜನ ಜಾಸ್ತಿ ಹಿಡಿಸಲಿ ಅಂತ ಹೆಂಗಸರು ಒಳಗೆ ಬಳೆಯಾಕಾರದ ಚೌಕಟ್ಟಿಟ್ಟು ಅಗಲ ಮಾಡಿದ ಲಂಗ ಬಿಟ್ಟು ಬನ್ನಿ, ಗಂಡಸರು ಕತ್ತಿ ಬಿಟ್ಟು ಬನ್ನಿ ಅಂತ ಮೊದಲೇ ಕೇಳಿಕೊಂಡಿದ್ದರು. ಬಂದ ದುಡ್ಡಿನಲ್ಲಿ ಒಂದು ಪಾಲು ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರಿಗೆ ಹೋಯಿತು. 142 ಜನ ಹೊರಗೆ ಬಂದರು. ಮರುವರ್ಷ ಲಂಡನ್ನಿಗೆ ಬಂದಾಗ ಗಲಾಟೆ ಆಗಿದ್ದು ಉಲ್ಟಾ ಕಾರಣಕ್ಕೆ: ದೇವರ ಮಾತನ್ನು ನಾಟಕದ ಥಿಯೇಟರ್‌ನಲ್ಲಿ ಹಾಡಬಹುದಾ ಅಂತ!

ಇನ್ನೊಂದು ವಿಷಯ ಹೇಳಿದರೆ ನಮ್ಮವರಿಗೆ ಹ್ಯಾಂಡೆಲ್ ಸ್ವಲ್ಪ ಹತ್ತಿರದವನಾಗುತ್ತಾನೆ. ಇಡೀ ಕೃತಿಯನ್ನು 1741ರಲ್ಲಿ 24 ದಿನಕ್ಕೆ ಬರೆದು ಮುಗಿಸಿದ. ಅಷ್ಟು ಬೇಗ ಆಗಿದ್ದಕ್ಕೆ ಒಂದು ಗುಟ್ಟಿದೆ. ಮಗು ಹುಟ್ಟಿತು ಅಂತ ಸಂತೋಷಪಡುವ ಕೋರಸ್ಸಿನ ಮಟ್ಟನ್ನು ಅವನು ತಾನೇ ಆ ಬೇಸಿಗೆಯಲ್ಲಿ ಬರೆದಿದ್ದ ಇಟಾಲಿಯನ್ ಪ್ರೇಮದ ಹಾಡಿನಿಂದ ಎತ್ತಿಕೊಂಡಿದ್ದ. ಸಿನಿಮಾ ಹಾಡಿನ ಧಾಟಿಗೆ ದೇವರನಾಮ ಕೂರಿಸುವ ನಮ್ಮ ಭಜನಾ ಮಂಡಳಿಯವರು ಇದಕ್ಕೆ ನಗಬಾರದು.

ಈಗ ಅಸಲು ಕಷ್ಟಕ್ಕೆ ಬರೋಣ. ಭಾಷೆ ಕಷ್ಟ ಅಲ್ಲ, ಶ್ರುತಿಯೂ ಅಲ್ಲ. ಕಷ್ಟ ಇರುವುದು ನಮ್ಮ ಅಭ್ಯಾಸದಲ್ಲಿ.

ನಮ್ಮಲ್ಲಿ ಭಜನೆ ಅಂದರೆ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹಿಂದೆ ಹೇಳುತ್ತೇವೆ. ತ್ಯಾಗರಾಜರ ಆರಾಧನೆಯ ಗೋಷ್ಠಿ ಗಾಯನದಲ್ಲಿ ನೂರು ಜನ ಕೂತರೂ ಹಾಡುವುದು ಒಂದೇ ಸಾಲು. ಮರೆತುಹೋದರೆ ಪಕ್ಕದಲ್ಲಿ ಜೋರಾಗಿ ಹಾಡುವವರ ದನಿ ಹಿಡಿದು ಹೋದರಾಯಿತು. ಚಿಕ್ಕಂದಿನಿಂದ ಕಿವಿ ಹೀಗೇ ಪಳಗಿದೆ. ಅಲ್ಲಿ ಇದೇ ಅಭ್ಯಾಸ ಕೈಕೊಡುತ್ತದೆ. ಕೋರಸ್ಸಿನಲ್ಲಿ ನಾಲ್ಕು ಸಾಲು ಒಟ್ಟಿಗೆ ನಡೆಯುತ್ತವೆ. ಹೆಂಗಸರಲ್ಲಿ ಎತ್ತರದ ದನಿ ಸೊಪ್ರಾನೊ, ತಗ್ಗಿನದು ಆಲ್ಟೊ. ಗಂಡಸರಲ್ಲಿ ಎತ್ತರದ್ದು ಟೆನರ್, ತಗ್ಗಿನದು ಬಾಸ್. ನಾಲ್ವರೂ ಬೇರೆ ಬೇರೆ ಸ್ವರ, ಬೇರೆ ಬೇರೆ ಹೊತ್ತಿಗೆ. ಜೋರಾದ ದನಿಯ ಹಿಂದೆ ಹೋದಿರೋ, ಇನ್ನೊಬ್ಬರ ಮನೆಗೆ ಹೋಗಿ ಕೂತ ಹಾಗೆ. ನಾನು ಮೊದಲ ವರ್ಷ ಬಾಸ್ ಸಾಲಿನ ತುದಿಯಲ್ಲಿ, ಟೆನರ್‌ಗಳ ಪಕ್ಕಕ್ಕೆ ಕೂತೆ. ಹತ್ತು ನಿಮಿಷದಲ್ಲಿ ಗೊತ್ತಿಲ್ಲದೆ ಟೆನರ್ ಆಗಿದ್ದೆ, ಅದೂ ಕೆಟ್ಟ ಟೆನರ್. ಆದ್ದರಿಂದ ನಿಮ್ಮ ಗುಂಪಿನ ನಡುವೆ ಕೂತುಕೊಳ್ಳಿ. ತುದಿಯ ಕುರ್ಚಿ ಖಾಲಿ ಇದೆ ಅಂತ ಸಂಕೋಚಕ್ಕೆ ಅಲ್ಲಿ ಕೂರಬೇಡಿ.

ಇದಕ್ಕೆ ಊರಿನಲ್ಲೇ ಮಾಡಬಹುದಾದ ಒಂದು ಕಸರತ್ತಿದೆ. ಇಬ್ಬರು ಕೂತು ಗೊತ್ತಿರುವ ಯಾವುದಾದರೂ ಭಜನೆ ಶುರು ಮಾಡಿ. ಎರಡನೆಯವರು ಒಂದು ಸಾಲು ತಡವಾಗಿ ಸೇರಿಕೊಳ್ಳಬೇಕು. ಯಾರೂ ಯಾರಿಗೂ ಕಾಯಬಾರದು. ನಾನೂ ಅಕ್ಕನ ಮಗಳೂ ಟೆರೇಸ್ ಮೇಲೆ ಇದನ್ನು ಮಾಡಿದೆವು. ಮೂರನೇ ಸಾಲಿಗೆ ಅವಳು ನನ್ನ ಜೊತೆ ಬಂದು ಸೇರಿಬಿಟ್ಟಳು. ಮತ್ತೆ ಶುರು, ಮತ್ತೆ ಸೇರಿದಳು. ಆಮೇಲೆ ಒಂದು ಕಿವಿಗೆ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ, ಗೋಡೆ ಕಡೆ ತಿರುಗಿ ನಿಂತು ಕೊನೆವರೆಗೂ ಹಾಡಿದಳು. ಕೆಳಗಿನ ಮನೆಯವರು ತಲೆ ಎತ್ತಿ ನೋಡಿ, "ಏನ್ ಜಗಳಾನಾ?" ಅಂದರು. ಬೆರಳಿಡುವುದು ತಪ್ಪಲ್ಲ, ಅಲ್ಲಿನ ಹಳೆ ಹುಲಿಗಳೂ ಇಡುತ್ತಾರೆ.

ಕೋಲಾರದ ಚಿನ್ನದ ಗಣಿ ಕಡೆಯವರಿಗೆ ನಾನು ಇದನ್ನೆಲ್ಲ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್‌ನಿಂದ ಬಂದ ನನ್ನ ಸ್ನೇಹಿತರೊಬ್ಬರು ಚಿಕ್ಕಂದಿನಲ್ಲಿ ಮನೆ ಮನೆಗೆ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಹಾಡುತ್ತಾ ತಿರುಗಿದವರು. ಅವರಿಗೆ ನಾಲ್ಕು ದನಿ ಅಂದರೆ ನಮಗೆ ಮುದ್ದೆ ಸಾರು ಇದ್ದ ಹಾಗೆ. ನೀವು ಹೋದ ಊರಿನಲ್ಲಿ ಅಂಥವರು ಸಿಕ್ಕಿದರೆ ಅವರ ಪಕ್ಕದ ಕುರ್ಚಿ ಹಿಡಿಯಿರಿ.

ಪುಸ್ತಕದ ವಿಚಾರ. ಬ್ರಿಟನ್‌ನಲ್ಲಿ ಹೆಚ್ಚಿನ ಕಡೆ ಬಳಸುವುದು ನೊವೆಲ್ಲೊ ಪ್ರಕಾಶನದವರ, ವಾಟ್ಕಿನ್ಸ್ ಶಾ ಸಂಪಾದಿಸಿದ ಪ್ರತಿ. ಬೇರೆ ಪ್ರತಿ ತಂದರೆ ಸ್ವರ ಹೆಚ್ಚುಕಡಿಮೆ ಅದೇ, ಆದರೆ ಮುಂದೆ ನಿಂತು ಕೈ ಬೀಸಿ ಹಾಡಿಸುವ ಕಂಡಕ್ಟರ್ ಪುಟದ ನಂಬರ್ ಕೂಗಿದಾಗ ನೀವು ಎಲ್ಲೋ ಹುಡುಕುತ್ತಾ ಇರುತ್ತೀರಿ. ಯಾವ ಪ್ರತಿ ಬೇಕು ಅಂತ ಟಿಕೆಟ್ ಕೊಳ್ಳುವಾಗಲೇ ಕೇಳಿ. ಎಷ್ಟೋ ಕಡೆ ಎರವಲು ಕೊಡುತ್ತಾರೆ. ಮೊದಲು ನೋಡಿದಾಗ ಪುಟದ ತುಂಬ ಇರುವೆ ಸಾಲು. ಹೆದರಬೇಡಿ. ಮೇಲಿನಿಂದ ನಾಲ್ಕು ಸಾಲು ನಾಲ್ಕು ದನಿಗೆ, ಕೆಳಗಿನ ಎರಡು ಪಿಯಾನೊಗೆ. ನಿಮ್ಮ ಸಾಲಿನ ಶುರುವಿನಲ್ಲಿ ಒಂದು ಸಣ್ಣ ಗುರುತು ಹಾಕಿಕೊಂಡು ಹೋಗಿ. ಪೆನ್ಸಿಲ್‌ನಲ್ಲಿ ಮಾತ್ರ! ಎರವಲು ಪುಸ್ತಕದ ಮೇಲೆ ಪೆನ್ ಓಡಿಸಿದರೆ ಅಲ್ಲಿನ ಸಭ್ಯ ಜನರ ಇನ್ನೊಂದು ಮುಖ ನೋಡಬೇಕಾಗುತ್ತದೆ. ಒಂದೊಂದು ದನಿಯ ಸಾಲನ್ನೂ ಬೇರೆ ಬೇರೆಯಾಗಿ ನುಡಿಸಿದ ರೆಕಾರ್ಡಿಂಗ್ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಸ್ವರಲಿಪಿ ಬರದವರಿಗೆ ಅದೇ ಗುರು. ಅಕ್ಟೋಬರ್‌ನಿಂದ ಬಸ್ಸಿನಲ್ಲಿ ದಿನಾ ಕೇಳಿದರೆ ಸಾಕು.

ನಮ್ಮ ಹುಡುಗಿಯರಲ್ಲಿ ತುಂಬಾ ಜನರಿಗೆ ಆಲ್ಟೊ ಸರಿಹೊಂದುತ್ತದೆ. ಆದರೆ ಎಚ್ಚರ, ಮೊದಲ ಕೋರಸ್ ಎತ್ತಿಕೊಳ್ಳುವುದೇ ಆಲ್ಟೊಗಳು. ಗಂಡಸರು ಎತ್ತರಕ್ಕೆ ಹಾಡಬಲ್ಲವರಾದರೆ ಟೆನರ್ ಸಾಲಿಗೆ ಹೋಗಿ. ಎಲ್ಲಿ ಹೋದರೂ ಟೆನರ್‌ಗಳ ಬರ, ಅಳಿಯನಿಗೆ ಮಾಡಿದ ಹಾಗೆ ಉಪಚಾರ ಮಾಡುತ್ತಾರೆ. ಸಂಗೀತ ಕಲಿತವರಿಗೆ ಒಂದು ಮಾತು: ಮೆಸ್ಸಾಯದ 'ಹಲ್ಲೆಲೂಯ' ಕೋರಸ್ ನಿಮ್ಮ ಶಂಕರಾಭರಣ ರಾಗದ ಸ್ವರಗಳಲ್ಲೇ ಇದೆ. ಶ್ರುತಿ, ನಮ್ಮ ಗುಬ್ಬಿ ಕಡೆಯ ನಾಟಕದ ಹಾರ್ಮೋನಿಯಂ ಮಾಸ್ತರರ ಲೆಕ್ಕದಲ್ಲಿ, ಬಿಳಿ ಎರಡು. ಆದರೆ ಗಮಕ ಬೇಡ. ಸ್ವರವನ್ನು ನೇರ ಹಿಡಿಯಿರಿ, ಅಲುಗಾಡಿಸಬೇಡಿ. ಉಚ್ಚಾರದಲ್ಲಿ ನಮ್ಮ ಗಟ್ಟಿ 'ರ್' ಅರ್ಧ ನುಂಗಿ. ಪದದ ಕೊನೆಯ 'ಸ್', 'ಟ್' ಕಂಡಕ್ಟರ್ ಕೈ ತೋರಿಸಿದಾಗಲೇ ಬಿಡಿ. ಒಬ್ಬರು ಮುಂಚೆ ಬಿಟ್ಟರೆ ಸಾಕು, ಇಡೀ ಚರ್ಚಿನಲ್ಲಿ ಹಾವು ಬುಸ್ ಅಂದ ಹಾಗೆ ಕೇಳುತ್ತದೆ.

ಬಟ್ಟೆಗೆ ನಿಯಮ ಏನೂ ಇಲ್ಲ, ಸ್ವೆಟರ್ ಮೇಲೆ ಸ್ವೆಟರ್ ಇರಲಿ. ಕಲ್ಲಿನ ಚರ್ಚುಗಳು ಒಳಗೆ ಹೊರಗಿನಷ್ಟೇ ಚಳಿ. ಗಂಟಲಿನ ಮಾತ್ರೆ ಇದ್ದರೆ ಕವರ್ ಮೊದಲೇ ಬಿಚ್ಚಿಟ್ಟುಕೊಳ್ಳಿ. ನಡುವೆ ಬಿಡುವಿನಲ್ಲಿ ಬಿಸಿ ವೈನ್, ಮಿನ್ಸ್ ಪೈ ಕೊಡುತ್ತಾರೆ. ಹೆಸರು ಕೇಳಿ ಗಾಬರಿ ಬೇಡ, ಈಗಿನ ಮಿನ್ಸ್ ಪೈ ಒಳಗೆ ಮಾಂಸ ಇರುವುದಿಲ್ಲ, ಒಣದ್ರಾಕ್ಷಿ, ಸಕ್ಕರೆ, ಮಸಾಲೆ. ಆದರೆ ಕೆಲವಕ್ಕೆ ದನದ ಕೊಬ್ಬು ಸೇರಿಸಿರುತ್ತಾರೆ, ಮೇಲೆ ಮೊಟ್ಟೆ ಬಳಿದಿರಬಹುದು. ಸಸ್ಯಾಹಾರಿಗಳು ಬಾಯಿಬಿಟ್ಟು ಕೇಳಿ, ಯಾರೂ ತಪ್ಪು ತಿಳಿಯಲ್ಲ. ವೈನ್ ಬೇಡದವರಿಗೆ ಬಿಸಿ ಆಪಲ್ ಜ್ಯೂಸ್ ಸಿಗಬಹುದು. ಬಿಡುವಿನಲ್ಲಿ ಫೋನ್ ನೋಡುತ್ತಾ ಮೂಲೆ ಸೇರಬೇಡಿ. "ಇದು ನನ್ನ ಮೊದಲನೇ ಸಲ" ಅಂತ ಒಬ್ಬರಿಗೆ ಹೇಳಿ ನೋಡಿ. ನನಗೆ 25ರ ಮಧ್ಯಾಹ್ನದ ಊಟದ ಕರೆ ಬಂದಿದ್ದೇ ಹಾಗೆ.

'ಹಲ್ಲೆಲೂಯ' ಬಂದಾಗ ಸಭೆಯೆಲ್ಲ ಎದ್ದು ನಿಲ್ಲುವುದು ಅಲ್ಲಿನ ವಾಡಿಕೆ. ಎರಡನೇ ಜಾರ್ಜ್ ರಾಜ ಎದ್ದು ನಿಂತಿದ್ದನಂತೆ ಅಂತ ಕಥೆ ಹೇಳುತ್ತಾರೆ. ಆ ಕಾಲದವರು ಯಾರೂ ಕಂಡು ಬರೆದಿಟ್ಟಿಲ್ಲ. ಆದರೂ ಜನ ನಿಲ್ಲುತ್ತಾರೆ, ನೀವೂ ನಿಲ್ಲಿ.

ಈ ಕೋರಸ್ಸಿನ ಕೊನೆಯಲ್ಲೇ ಹೊಸಬರ ಗುಂಡಿ ಇರುವುದು. ಹಲ್ಲೆಲೂಯ, ಹಲ್ಲೆಲೂಯ ಅಂತ ಒಂದರ ಹಿಂದೆ ಒಂದು ಬರುತ್ತಾ ವೇಗಕ್ಕೆ ಬಾಯಿ ತಾನೇ ಓಡುತ್ತಿರುತ್ತದೆ. ತಟ್ಟನೆ ಎಲ್ಲ ನಿಲ್ಲುತ್ತದೆ. ಪೂರ್ತಿ ಮೌನ. ಆಮೇಲೆ ಕೊನೆಯದೊಂದು, ನಿಧಾನಕ್ಕೆ, ಅಗಲವಾಗಿ. ಆ ಮೌನದಲ್ಲಿ ಪ್ರತಿ ವರ್ಷ ಯಾರೋ ಒಬ್ಬರು ಒಂಟಿಯಾಗಿ ಕೂಗಿಬಿಡುತ್ತಾರೆ. ನನ್ನ ಮೊದಲ ವರ್ಷ ಆ ಒಬ್ಬ ನಾನೇ. "ಹ" ಅನ್ನುವಷ್ಟೇ ಹೊರಬಂತು, ಆದರೆ ಕಲ್ಲಿನ ಗೋಡೆ ಅದನ್ನು ಇಟ್ಟುಕೊಳ್ಳದೆ ಎಲ್ಲರಿಗೂ ಹಂಚಿತು. ಮುಂದಿನ ಸಾಲಿನ ಹೆಂಗಸರ ಹೆಗಲು ಕುಲುಕುತ್ತಿದ್ದವು. ಮುಗಿದ ಮೇಲೆ ಪಕ್ಕದ ಅಜ್ಜ ಏನೂ ಮಾತಾಡದೆ ನನ್ನ ಪುಸ್ತಕ ತೆಗೆದುಕೊಂಡರು. ಆ ಜಾಗದ ಮೇಲೆ ಪೆನ್ಸಿಲ್‌ನಲ್ಲಿ ಎರಡು ಸೊನ್ನೆ ಬರೆದು, ನಡುವೆ ಒಂದು ಗೀಟು ಎಳೆದು, ಅಕ್ಕಪಕ್ಕ ಎರಡು ಕಡ್ಡಿ ಸೇರಿಸಿದರು. ಕನ್ನಡಕ! ಇಲ್ಲಿ ಕಣ್ಣೆತ್ತಿ ಕಂಡಕ್ಟರ್ ಕೈ ನೋಡು ಅನ್ನುವುದಕ್ಕೆ ಅಲ್ಲಿನ ಹಾಡುಗಾರರು ಹಾಕುವ ಗುರುತು ಅದು.

ಮೊನ್ನೆ ಸಂಜೆ ಟೆರೇಸ್ ಮೇಲೆ ನಾವು ಐದು ಜನ ಆ ಕೊನೆಯ ಭಾಗ ಹಾಡಿ ನೋಡಿದೆವು. ನಾನು ಕೈ ಬೀಸುತ್ತಿದ್ದೆ. ಮೌನ ಬರುತ್ತೆ, ಕೈ ನೋಡಿ ಅಂತ ಮೂರು ಸಲ ಹೇಳಿದ್ದೆ. ಮೌನ ಬಂತು. ಅಕ್ಕನ ಮಗಳು ತಲೆ ತಗ್ಗಿಸಿಕೊಂಡು, ಪುಸ್ತಕ ನೋಡುತ್ತಾ, ಗಟ್ಟಿಯಾಗಿ ಒಬ್ಬಳೇ ಶುರು ಮಾಡಿದಳು. ನೀರಿನ ಟ್ಯಾಂಕ್ ಮೇಲಿದ್ದ ಪಾರಿವಾಳ ಎದ್ದು ಹೋದವು. ನಾನು ಅವಳ ಪುಸ್ತಕ ಇಸ್ಕೊಂಡು ಪೆನ್ಸಿಲ್ ಹುಡುಕಿದೆ.