ಮೆಲ್ಲಗೆ ಓಡಿದರೂ ವಾಚಿನಲ್ಲಿ 172!

ಮಾತಾಡಿಕೊಂಡು ಓಡುವಷ್ಟು ನಿಧಾನ. ಏದುಸಿರೂ ಇಲ್ಲ. ಆದರೂ ವಾಚಿನಲ್ಲಿ ಹೃದಯ ಬಡಿತ 172! ಮೂರು ವಾರ ಹೀಗೇ ಆಯಿತು. ನಿಜಕ್ಕೂ ಹೆದರಿದ್ದೆ.

ಒಂದು ದಿನ ಓಟ ನಿಲ್ಲಿಸಿದ ತಕ್ಷಣ ನಾಡಿ ಹಿಡಿದು 15 ಸೆಕೆಂಡು ಎಣಿಸಿದೆ. 34. ನಾಲ್ಕರಿಂದ ಗುಣಿಸಿದರೆ 136. ಮತ್ತೆ ಓಡುತ್ತಾ ಹೆಜ್ಜೆ ಎಣಿಸಿದೆ, ನಿಮಿಷಕ್ಕೆ 170ರ ಆಸುಪಾಸು. ಆಗ ಹೊಳೆಯಿತು, ವಾಚ್ ಎಣಿಸುತ್ತಿದ್ದದ್ದು ಹೆಜ್ಜೆಗಳನ್ನು!

ವಾಚಿನ ಹಸಿರು ಬೆಳಕು ಚರ್ಮದ ಕೆಳಗೆ ರಕ್ತದ ಏರಿಳಿತ ನೋಡಿ ಬಡಿತ ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲ ಇದ್ದರೆ ಹೆಜ್ಜೆಹೆಜ್ಜೆಗೂ ವಾಚ್ ಕುಲುಕುತ್ತದೆ. ಆ ಕುಲುಕಾಟವನ್ನೇ ಬಡಿತ ಅಂದುಕೊಳ್ಳುತ್ತದೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಅಲ್ಲಾಡದ ಹಾಗೆ ಕಟ್ಟಿದೆ. ತುಂಬಾ ಸುಧಾರಿಸಿತು. ಆದರೆ ಡಂಬೆಲ್ ಹಿಡಿದಾಗ, ಜೋರಾಗಿ ಓಡಿ ನಿಧಾನ ಮಾಡಿದಾಗ ಮತ್ತೆ ಅದೇ ಕಥೆ.

ಕೊನೆಗೆ ಎದೆಗೆ ಕಟ್ಟುವ ಪಟ್ಟಿ ಕೊಂಡೆ. ಇದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಕೊಳ್ಳುವಾಗ ನಿಮ್ಮ ವಾಚು, ಫೋನಿಗೆ ಜೋಡಣೆಯಾಗುತ್ತಾ ನೋಡಿಕೊಳ್ಳಿ. ಮೊದಮೊದಲು ಹತ್ತು ನಿಮಿಷ ಇದೂ ಏನೇನೋ ತೋರಿಸಿತು. ಬೆವರು ಬಂದ ಮೇಲೆ ಸರಿಹೋಗುತ್ತಿತ್ತು. ಒಣ ಚರ್ಮದಿಂದ ಸಂಕೇತ ಸರಿಯಾಗಿ ಸಿಗಲ್ಲ, ಅಷ್ಟೇ. ಈಗ ಒಳಬದಿಯಲ್ಲಿ ಸಂಕೇತ ಹಿಡಿಯುವ ಎರಡು ಪಟ್ಟೆಗಳನ್ನು ನೀರಲ್ಲಿ ಒದ್ದೆ ಮಾಡಿಯೇ ಕಟ್ಟುತ್ತೇನೆ. ಓಟ ಮುಗಿದ ಮೇಲೆ ಸೆನ್ಸರ್ ಬಿಚ್ಚಿ, ಬೆವರಿನ ಉಪ್ಪು ಕೂರದಂತೆ ಪಟ್ಟಿ ತೊಳೆಯುತ್ತೇನೆ.

ಒಂದು ಮಾತು. ಸುಮ್ನೆ ಕೂತಾಗಲೂ ನಾಡಿ ಜಾಸ್ತಿ ಇದ್ದರೆ, ತಲೆಸುತ್ತು, ಎದೆನೋವು ಬಂದರೆ ಪಟ್ಟಿ ಸರಿಮಾಡುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.