ನೈಜೀರಿಯಾದ ಸೋಷಿಯಲ್ ಕ್ಲಬ್ಬಿಗೆ ಬೈಲಾ ಬರೆದ ಕ್ರಮ

ಲಾಗೋಸಿನಲ್ಲಿರುವ ಇಗ್ಬೊ ಜನಾಂಗದವರ ಸೋಷಿಯಲ್ ಕ್ಲಬ್ಬೊಂದಕ್ಕೆ ಬೈಲಾ, ಲೆಕ್ಕಪುಸ್ತಕ ಸಿದ್ಧಪಡಿಸುವಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಉದ್ದೇಶಗಳ ಕಲಮನ್ನು. ಹೊರಗಿನವರಿಗೆ ಕಾಣುವುದು ಸಮವಸ್ತ್ರ, ಬ್ಯಾಂಡು, ಊಟ. ಕ್ಲಬ್ಬನ್ನು ಹಿಡಿದಿಟ್ಟಿರುವುದು ಸಾವಿನ ಮನೆಗೆ ಸಲ್ಲುವ ನೆರವು.

ಲಾಗೋಸಿನಲ್ಲಿ ಯೊರುಬಾ ಟೆನಿಸ್ ಕ್ಲಬ್ 1926ರಿಂದ, ಐಲ್ಯಾಂಡ್ ಕ್ಲಬ್ 1943ರಿಂದ ಇವೆ. ಇಗ್ಬೊಗಳ ಕತೆ ಬೇರೆ. ನೈಜೀರಿಯಾದಿಂದ ಬೇರೆಯಾಗಲು ಅವರ ನಾಡು ಹೂಡಿದ ಬಿಯಾಫ್ರಾ ಯುದ್ಧ 1970ರ ಜನವರಿಯಲ್ಲಿ ಮುಗಿದ ಮೇಲೆ, ಬ್ಯಾಂಕಿನಲ್ಲಿ ಎಷ್ಟು ಹಣವಿದ್ದರೂ ಬಹುತೇಕರ ಕೈಗೆ ಬಂದದ್ದು 20 ಪೌಂಡ್. ಮರುವರ್ಷವೇ ಇಗ್ಬೊ ನಾಡಿನ ಆಬಾ ಪಟ್ಟಣದಲ್ಲಿ ಪೀಪಲ್ಸ್ ಕ್ಲಬ್ ಹುಟ್ಟಿತು. ಪರಸ್ಪರ ಆಸರೆ ಇಲ್ಲಿ ಶೋಕಿಯ ಮಾತಲ್ಲ.

ನೆರವಿನ ಕಲಮಿನಲ್ಲಿ ‘ಹತ್ತಿರದ ಬಂಧು’ ಎಂದು ಬರೆದರೆ ಜಗಳ ಖಚಿತ. ಸದಸ್ಯ, ಸಂಗಾತಿ, ಮಕ್ಕಳು, ತಂದೆ, ತಾಯಿ ಎಂದು ಒಬ್ಬೊಬ್ಬರನ್ನೂ ಹೆಸರಿಸಿದೆವು. ಅತ್ತೆ ಮಾವಂದಿರಿಗೆ ಅರ್ಧ. ಒಬ್ಬರಿಗಿಂತ ಹೆಚ್ಚು ಹೆಂಡಂದಿರಿದ್ದರೆ ಯಾರಿಗೆ ಸಲ್ಲುತ್ತದೆ ಎಂಬುದನ್ನು ಸೇರುವಾಗಲೇ ಅರ್ಜಿಯಲ್ಲಿ ಬರೆಸಬೇಕು. ಮೊತ್ತವನ್ನು ಮಾತ್ರ ಬೈಲಾದೊಳಗೆ ಹಾಕಬಾರದು. ಅಲ್ಲಿನ ಹಣವಾದ ನೈರಾದ ಬೆಲೆ ಕುಸಿಯುತ್ತಲೇ ಇರುತ್ತದೆ, ಬೈಲಾ ತಿದ್ದಲು ಸಂಘಗಳನ್ನು ನೋಂದಾಯಿಸುವ ಕಾರ್ಪೊರೇಟ್ ಅಫೇರ್ಸ್ ಕಮಿಷನ್ನಿನ ಒಪ್ಪಿಗೆ ಬೇಕು. ಆದ್ದರಿಂದ ಮೊತ್ತವೆಲ್ಲ ಪ್ರತ್ಯೇಕ ಪಟ್ಟಿಯಲ್ಲಿ. ಅದನ್ನು ವಾರ್ಷಿಕ ಸಭೆಯೇ ಬದಲಿಸಬಹುದು.

ಹೆಚ್ಚು ಕ್ಲಬ್ಬುಗಳು ಎಡವುವುದು ಇಸುಸುವಿನಲ್ಲಿ. ನಮ್ಮ ಚೀಟಿಯಂಥದೇ, ಹರಾಜು ಮಾತ್ರ ಇಲ್ಲ: 12 ಜನ ತಿಂಗಳಿಗೆ 20,000 ನೈರಾ ಹಾಕಿದರೆ ಸರದಿಯವರಿಗೆ 2,40,000. ಮೊದಲು ಎತ್ತಿದವರು ಆಮೇಲೆ ಕಂತು ನಿಲ್ಲಿಸುತ್ತಾರೆ. ಆಗ ಯಾರೋ ಒಬ್ಬರು ಸಾವಿನ ನಿಧಿಯಿಂದ ‘ಸಾಲ’ ತೆಗೆಯುತ್ತಾರೆ, ಮುಂದಿನ ಸಾವಿಗೆ ಪೆಟ್ಟಿಗೆ ಖಾಲಿ. ಹೊಸಬರಿಗೆ ಕೊನೆಯ ಸರದಿ, ಮೊದಲ ನಾಲ್ವರಿಗೆ ತಲಾ ಇಬ್ಬರು ಜಾಮೀನು ಎಂದು ಮಾಡಿದೆವು. ಇಸುಸು ಹಣ ಕ್ಲಬ್ಬಿನ ಬ್ಯಾಂಕ್ ಖಾತೆಯೊಳಗೆ ಕಾಲಿಡಲೇಬಾರದು. ನೋಂದಾಯಿತ ಸಂಘದ ಹಣ ಉದ್ದೇಶಗಳಿಗಷ್ಟೇ ಸಲ್ಲಬೇಕು, ಸದಸ್ಯರಲ್ಲಿ ಹಂಚುವಂತಿಲ್ಲ ಎನ್ನುತ್ತದೆ ಕಾನೂನು.

ನೋಂದಣಿ 2020ರ ಕಂಪನಿ ಕಾಯ್ದೆಯ ಎಫ್ ಭಾಗದಡಿ. ಹೆಸರು ಕಾಯ್ದಿರಿಸಿ, ಟ್ರಸ್ಟಿಗಳನ್ನು ಆರಿಸಿದ ಸಭೆಯ ನಡಾವಳಿ ಲಗತ್ತಿಸಿ, ಎರಡು ದಿನಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ 28 ದಿನ ಕಾಯಬೇಕು. ನಡಾವಳಿಯಲ್ಲೂ ಅರ್ಜಿಯಲ್ಲೂ ಟ್ರಸ್ಟಿಗಳ ಹೆಸರಿನ ಕಾಗುಣಿತ ಒಂದೇ ಆಗಿರಲಿ. ಇಗ್ಬೊ ಹೆಸರಿಗೆ ಎರಡು ಮೂರು ಬರವಣಿಗೆ ಇರುವುದರಿಂದ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಸಭೆಯಲ್ಲಿ ಮೊದಲು ಕೋಲಾ ಕಾಯಿಯನ್ನು ಪ್ರಾರ್ಥನೆ ಮಾಡಿ ಒಡೆದು ಹಂಚುತ್ತಾರೆ. ಕೋಲಾಕ್ಕೆ ಇಂಗ್ಲಿಷ್ ತಿಳಿಯದು ಎನ್ನುತ್ತಾರೆ, ಪ್ರಾರ್ಥನೆ ಇಗ್ಬೊದಲ್ಲೇ. ಅದು ಮುಗಿದ ಕೂಡಲೇ ಹಾಜರಿ ಪುಸ್ತಕ ಮುಚ್ಚಿಸಿದೆವು. ತಡವಾಗಿ ಬಂದವರಿಗೆ ಶಿಸ್ತು ನೋಡಿಕೊಳ್ಳುವ ಪ್ರೊವೋಸ್ಟ್ ದಂಡ ಹಾಕುತ್ತಾರೆ. ದಂಡವಾಗಲಿ ಚಂದಾ ಆಗಲಿ ರಸೀದಿ ಕೊಡುವವರು ಫೈನಾನ್ಷಿಯಲ್ ಸೆಕ್ರೆಟರಿ, ಬ್ಯಾಂಕಿಗೆ ಕಟ್ಟುವವರು ಖಜಾಂಚಿ. ಖಜಾಂಚಿ ಸದಸ್ಯರಿಂದ ನೇರವಾಗಿ ಒಂದು ನೈರಾವನ್ನೂ ಮುಟ್ಟುವಂತಿಲ್ಲ. ತಿಂಗಳ ಕೊನೆಗೆ ರಸೀದಿ ಪುಸ್ತಕದ ಮೊತ್ತವೂ ಬ್ಯಾಂಕ್ ಚಲನ್ನಿನ ಮೊತ್ತವೂ ತಾಳೆಯಾಗದಿದ್ದರೆ ಅಂದೇ ಸಭೆಗೆ ತಿಳಿಸಬೇಕು.