ಅಂಚಿನಲ್ಲಿರುವ ಹೆಸರು: ಮೈಸೂರಿನ ಯುದ್ಧಪದಕಗಳನ್ನು ಕೂಡಿಡುತ್ತಾ ಬಂದ ನನ್ನ ಅನುಭವ

ಹಳೇ ಪದಕ ಕೈಗೆ ಬಂದರೆ ನಾನು ಮೊದಲು ಅಂಚು ನೋಡುತ್ತೇನೆ. ಮುಖ, ಚಿತ್ರ, ಬರಹ ಎಲ್ಲ ಆಮೇಲೆ. ಮೊದಲ ಮಹಾಯುದ್ಧದ ಪದಕವಾದರೆ ಆ ಮೂರು ಮಿಲಿಮೀಟರ್ ದಪ್ಪದ ಅಂಚಿನ ಸುತ್ತ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಅವನಿದ್ದ ದಳ ಇಷ್ಟನ್ನೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತಾರೆ. ಎಷ್ಟೋ ಸವಾರರ, ಸಿಪಾಯಿಗಳ ಹೆಸರು ಇವತ್ತು ಉಳಿದಿರುವುದು ಅಲ್ಲಿ ಮಾತ್ರ.

ಪದಕ ಸಂಗ್ರಹ ಶುರು ಮಾಡುವವರಿಗೆ ನಾನು ಹೇಳುವುದು, ಒಂದು ಊರನ್ನೋ ಒಂದು ದಳವನ್ನೋ ಹಿಡಿದುಕೊಳ್ಳಿ ಅಂತ. ದರ್ಬಾರಿನದು, ಶತಮಾನೋತ್ಸವದ್ದು, ಕ್ರೀಡಾಕೂಟದ್ದು ಎಂದು ಸಿಕ್ಕಿದ್ದನ್ನೆಲ್ಲ ಕೊಂಡರೆ ಪೆಟ್ಟಿಗೆ ತುಂಬುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ನಾನು ಹಿಡಿದದ್ದು ಮೈಸೂರನ್ನು. ಈ ನೆಲಕ್ಕೆ ಸಂಬಂಧಪಟ್ಟದ್ದು, ಇಲ್ಲಿನವರು ಎದೆಯ ಮೇಲೆ ಧರಿಸಿದ್ದು, ಇಷ್ಟೇ.

ಹಾಗೆ ಹೊರಟವರಿಗೆ ಎದುರಾಗಲೇಬೇಕಾದದ್ದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಇದನ್ನು ಮಾಡಿಸಿತು. ಅಚ್ಚು ಕೆತ್ತಿದವನು ಕಾನ್ರಾಡ್ ಹೈನ್ರಿಕ್ ಕೂಖ್ಲರ್, ಮುದ್ರಿಸಿದ್ದು ಬರ್ಮಿಂಗ್‌ಹ್ಯಾಮ್ ಬಳಿ ಮ್ಯಾಥ್ಯೂ ಬೋಲ್ಟನ್ ನಡೆಸುತ್ತಿದ್ದ ಸೋಹೋ ಟಂಕಸಾಲೆ. ಪಡೆದವನ ಅಂತಸ್ತಿಗೆ ತಕ್ಕಂತೆ ಲೋಹ: ದೊಡ್ಡ ಅಧಿಕಾರಿಗಳಿಗೆ ಚಿನ್ನ, ಆಮೇಲೆ ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ಸಾಮಾನ್ಯ ಸೈನಿಕನಿಗೆ ತವರ. ಸೋಹೋದಲ್ಲಿ ಮಾಡಿದ್ದು 48 ಮಿಲಿಮೀಟರ್ ಅಗಲ, ಕಲ್ಕತ್ತೆಯಲ್ಲಿ ಮಾಡಿದ್ದು 45. ಹಾಗಾಗಿ ಯಾರಾದರೂ ತಂದು ತೋರಿಸಿದರೆ ನನ್ನ ಕೈ ಮೊದಲು ವರ್ನಿಯರ್ ಕ್ಯಾಲಿಪರ್ ಕಡೆ ಹೋಗುತ್ತದೆ.

ಒಂದು ಮುಖದಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯ, ಕೆಳಗೆ ಪಾರ್ಸಿ ಬರಹ. ಇನ್ನೊಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ನೆಲಕ್ಕೆ ಕೆಡವಿ ಮೆಟ್ಟಿದೆ. ಸಿಂಹ ಬ್ರಿಟನ್, ಹುಲಿ ಟಿಪ್ಪು ಎಂಬುದು ಯಾರಿಗಾದರೂ ತಿಳಿಯುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಿಂಹದ ಮೇಲೆ ಹಾರುವ ಬಾವುಟ. ಅದರ ಮೇಲೆ ಅರಬ್ಬಿಯಲ್ಲಿ 'ಅಸದುಲ್ಲಾಹ್ ಅಲ್-ಗಾಲಿಬ್' ಎಂದಿದೆ, ಗೆಲ್ಲುವ ದೇವಸಿಂಹ ಎಂದರ್ಥ. ಟಿಪ್ಪುವಿನ ಆಯುಧಗಳ ಮೇಲೆ ಹುಲಿಯ ಮುಖದಂತೆ ಹೆಣೆದು ಬರೆಯುತ್ತಿದ್ದ ಮಾತೂ ಇದೇ. ಸೋತವನ ಮಂತ್ರವನ್ನು ಗೆದ್ದವರು ತಮ್ಮ ಬಾವುಟಕ್ಕೆ ಏರಿಸಿಕೊಂಡಿದ್ದಾರೆ. ನನ್ನ ಬಳಿ ಇರುವುದು ತವರದ್ದು, ಸಾಕಷ್ಟು ಸವೆದಿದೆ, ಆದರೂ ಭೂತಗನ್ನಡಿ ಹಿಡಿದರೆ ಆ ಅಕ್ಷರಗಳು ಕಾಣುತ್ತವೆ. ಇಷ್ಟೆಲ್ಲ ಇದ್ದರೂ ಅದು ಯಾರ ಕೈಗೆ ಸಂದ ಪದಕ ಎಂಬುದು ಅದರಲ್ಲಿ ಇಲ್ಲ. ಹೆಸರು ಹಾಕದೆಯೇ ಹಂಚಿದರು.

ಈ ಕೊರತೆಯೇ ನನ್ನನ್ನು ಮೊದಲ ಮಹಾಯುದ್ಧದ ಪದಕಗಳತ್ತ ತಳ್ಳಿತು. ಮೈಸೂರು ಸಂಸ್ಥಾನದ ಕುದುರೆಪಡೆಯಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೋದ ದಳ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆಪಡೆಯ ಜೊತೆ ಸೇರಿ ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದವರು ಇವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಇವರ ಸ್ಮಾರಕವಿದೆ. ಮೊದಲಿಂದ ಕೊನೆಯವರೆಗೆ ಇದ್ದವನಿಗೆ ಮೂರು ಪದಕ ಸಲ್ಲುತ್ತಿತ್ತು: ಕಂಚಿನ 1914–15ರ ತಾರೆ, ಬೆಳ್ಳಿಯ ಬ್ರಿಟಿಷ್ ಯುದ್ಧಪದಕ, ಕಂಚಿನ ವಿಜಯಪದಕ. ತಾರೆಗೆ ಅಂಚಿಲ್ಲದ್ದರಿಂದ ಹೆಸರು ಹಿಂಬದಿಯಲ್ಲಿರುತ್ತದೆ.

ಮೂರೂ ಜೊತೆಯಾಗಿ ಸಿಗುವುದು ಅಪರೂಪ, ಅದಕ್ಕೆ ಕಾರಣ ಬೆಳ್ಳಿ. ಯುದ್ಧಪದಕದಲ್ಲಿ ಸುಮಾರು ಒಂದು ಔನ್ಸ್ ಬೆಳ್ಳಿ ಇದೆ. 1980ರಲ್ಲಿ ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿದಾಗ ಇಂಥ ಪದಕಗಳು ರಾಶಿ ರಾಶಿ ಕರಗಿಹೋದವು. ಈಗಲೂ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಮನೆಯವರು ಗಿರವಿ ಅಂಗಡಿಗೆ ಒಯ್ಯುತ್ತಾರೆ, ಅಲ್ಲಿಂದ ಅದು ಕರಗಿಸುವವರ ಮೂಸೆಗೆ. ಅದಕ್ಕೇ ನಾನು ಹರಾಜುಗಳಿಗಿಂತ ನಗರ್ತಪೇಟೆಯ ಹಳೇ ಬೆಳ್ಳಿ ಕೊಳ್ಳುವವರ ಸ್ನೇಹ ಬೆಳೆಸಿದೆ. 'ಕುದುರೆ ಮೇಲೆ ಬೆತ್ತಲೆ ಮನುಷ್ಯ ಇರೋ ಬಿಲ್ಲೆ ಬಂದರೆ ಎತ್ತಿಡಿ, ತೂಕದ ಮೇಲೆ ಇಷ್ಟು ಸೇರಿಸಿ ಕೊಡ್ತೀನಿ' ಎಂದು ಹೇಳಿಟ್ಟಿದ್ದೇನೆ. ಯುದ್ಧಪದಕದ ಹಿಂಬದಿಯ ಚಿತ್ರ ಅದು. ಗುರುತು ಹೇಳಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಖರೀದಿಗೆ ಮುಂಚೆ ಎರಡು ಪರೀಕ್ಷೆ. ಒಂದು, ಅಗಲ. ಯುದ್ಧಪದಕ 36 ಮಿಲಿಮೀಟರ್ ಇರಬೇಕು. ನಾಲ್ಕಾರು ದಿಕ್ಕಿನಲ್ಲಿ ಅಳೆಯುತ್ತೇನೆ. ಹಳೆ ಹೆಸರನ್ನು ಅರದಿಂದ ಉಜ್ಜಿ ಬೇರೆ ಹೆಸರು ಕೆತ್ತಿದ್ದರೆ ಆ ಕಡೆ ಅಗಲ ಕಡಿಮೆ ಬರುತ್ತದೆ. ಅಸಲಿಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ದ ನಕಲಿಯೂ ಲೋಹ ತಣ್ಣಗಾಗುವಾಗ ಕುಗ್ಗಿ ಕೊಂಚ ಚಿಕ್ಕದಾಗಿರುತ್ತದೆ, ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳಿರುತ್ತವೆ. ಎರಡನೆಯದು, ಸಾಂದ್ರತೆ. ರಿಬ್ಬನ್ ಬಿಚ್ಚಿ ಪದಕವನ್ನು ತೂಗುತ್ತೇನೆ. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತಂದು, ಪದಕವನ್ನು ದಾರದಲ್ಲಿ ಕಟ್ಟಿ ತಳ, ಬದಿ ತಾಗದಂತೆ ನೀರಿನೊಳಗೆ ಇಳಿಬಿಡುತ್ತೇನೆ. ಪದಕದ ತೂಕವನ್ನು ಆಗ ತಕ್ಕಡಿ ತೋರಿಸುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 31 ಗ್ರಾಂ ಪದಕಕ್ಕೆ ತಕ್ಕಡಿ 3 ಗ್ರಾಂ ತೋರಿಸಿದರೆ 10.3, ಅಂದರೆ ಒಳ್ಳೆಯ ಬೆಳ್ಳಿ. 9ರ ಆಸುಪಾಸು ಬಂದರೆ ತಾಮ್ರ-ನಿಕ್ಕಲ್ ಜಾತಿಯ ಲೋಹ.

ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ಸಾಮಾನಿಗೆ ಅದು ಸರಿ, ಪದಕಕ್ಕೆ ಅಲ್ಲ. ತಿಕ್ಕಿದಷ್ಟೂ ಅಂಚಿನ ಅಕ್ಷರ ಸವೆಯುತ್ತದೆ. ಪಿವಿಸಿ ಹಾಳೆಯ ಆಲ್ಬಮ್‌ ಕೂಡ ಬೇಡ, ಕಾಲಕ್ರಮದಲ್ಲಿ ಅದು ಬಿಡುವ ಅಂಟು ಲೋಹಕ್ಕೆ ಹಸಿರು ಹಿಡಿಸುತ್ತದೆ. ಪಾಲಿಯೆಸ್ಟರ್ ಹಾಳೆಯ ಲಕೋಟೆ, ಜೊತೆಗೆ ಒಂದು ಪೊಟ್ಟಣ ಸಿಲಿಕಾ ಜೆಲ್, ಸಾಕು.

ಪದಕ ಮನೆಗೆ ಬಂದ ಮೇಲಿನ ಕೆಲಸವೇ ನನಗೆ ಅತಿ ಪ್ರಿಯ. ಅಂಚಿನ ಹೆಸರನ್ನು ಬರೆದುಕೊಂಡು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಯಲ್ಲಿ ಹುಡುಕುತ್ತೇನೆ. ಅದರಲ್ಲಿ ಸಿಕ್ಕರೆ ಅವನು ಮರಳಿ ಬರಲಿಲ್ಲ ಎಂದರ್ಥ. ಸಿಗದಿದ್ದರೆ ಬದುಕಿ ಊರಿಗೆ ಬಂದಿರಬಹುದೆಂಬ ಆಸೆ. ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು ಕಲ್ಲಿದೆ, ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಇಷ್ಟು ಜನ ಸತ್ತರು ಎಂದು ಲೆಕ್ಕವನ್ನಷ್ಟೇ ಹೇಳುತ್ತದೆ. ಆ ಲೆಕ್ಕದೊಳಗಿನ ಒಬ್ಬೊಬ್ಬರ ಹೆಸರೂ ಯಾವುದೋ ಪದಕದ ಅಂಚಿನಲ್ಲಿ ಇದ್ದಿರಲೇಬೇಕು.

ಇನ್ನೊಂದು ಮಾತು ಕಾನೂನಿನದು. ನೂರು ವರ್ಷ ದಾಟಿದ ಪದಕಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನಾವು ನೀವು ದೇಶದಾಚೆ ಕಳಿಸುವಂತಿಲ್ಲ. ಹೊರದೇಶದ ಸಂಗ್ರಾಹಕರು ದೊಡ್ಡ ಬೆಲೆ ಹೇಳಿದರೂ ಅಷ್ಟೆ.

ನಿಮ್ಮ ಮನೆಯಲ್ಲಿ ಅಜ್ಜನದೋ ಮುತ್ತಜ್ಜನದೋ ಪದಕವಿದ್ದರೆ ಮಾರಬೇಡಿ ಎನ್ನುವ ಹಕ್ಕು ನನಗಿಲ್ಲ, ಮನೆಮನೆಯ ಕಷ್ಟ ಅವರವರಿಗೆ ಗೊತ್ತು. ಆದರೆ ಅಂಗಡಿಗೆ ಕೊಡುವ ಮೊದಲು ಕಿಟಕಿಯ ಬೆಳಕಿನಲ್ಲಿ ಹಿಡಿದು, ನಿಧಾನಕ್ಕೆ ತಿರುಗಿಸುತ್ತಾ ಅಂಚಿನ ಫೋಟೋ ತೆಗೆದುಕೊಳ್ಳಿ. ಪಿಂಚಣಿ ಪುಸ್ತಕ, ಬಿಡುಗಡೆ ಪತ್ರ ಏನಾದರೂ ಇದ್ದರೆ ಆ ಫೋಟೋದ ಜೊತೆಗೇ ಇಟ್ಟಿರಿ.